ಹದಿನೇಳನೇ ನಂಬರಿನ ಕ್ಲಿಪ್ಪು

ಹಗಲಿಡೀ ಊರವರ ಹಲ್ಲು ಕಟ್ಟುವ ಕೈ ನನ್ನದು.
ಕಲ್ಸಂಕದ ಹಿಂದಿನ ಓಣಿ, ಮನೆಯ ಮುಂದಿನ ಕೋಣೆ,
ಒಂದು ಮೇಜು, ಒಂದು ಡ್ರಿಲ್ಲು,
ಮೇಣದ ದವಡೆಗಳು ಸಾಲಾಗಿ
ಮುಖವಿಲ್ಲದೆ ನಗುತ್ತಿರುತ್ತವೆ.

ಅದೇ ಡ್ರಿಲ್ಲಿನಲ್ಲಿ ಈಗ ರಾತ್ರಿ
ಬಾಲ್ಸಾ ಪಕ್ಕೆಲುಬು ಉಜ್ಜುತ್ತೇನೆ,
ಹದಿನೆಂಟು ವರ್ಷದ ಮೇಲೆ.
ಮರವಲ್ಲ ಅದು, ಊದಿದರೆ ಹಾರುವ ಹಪ್ಪಳ.
ವಾರಿಜ ಬಾಗಿಲಲ್ಲಿ ನಿಂತು,
"ಮಾಲಿಂಗಣ್ಣನ ಕೆಳದವಡೆ ಸೋಮವಾರಕ್ಕೆ ಕೊಡಬೇಕು, ನೆನಪುಂಟಾ?"
ಉಂಟು. ಎರಡೂ ಒಂದೇ ಕೆಲಸ ಅನ್ನುತ್ತೇನೆ:
ಹಗುರ ಇರಬೇಕು, ಮುರಿಯಬಾರದು.
ಅವಳ ಇಸ್ತ್ರಿಪೆಟ್ಟಿಗೆಯಲ್ಲೇ
ಕೆಂಪು ಹಾಳೆ ಎಳೆದು ರೆಕ್ಕೆಗೆ ಅಂಟಿಸುವಾಗ
ಸುಕ್ಕು ಮಾಯವಾಗುವುದನ್ನು ನೋಡಲು ಮಾತ್ರ
ಅವಳೂ ಹತ್ತಿರ ಬರುತ್ತಾಳೆ.

ಆಗ ಹೀಗಿರಲಿಲ್ಲ ಮಾರಾಯ್ರೆ.
ಎಂಜಿನ್ನು ಹರಳೆಣ್ಣೆ ಕುಡಿದು ಉಗುಳುತ್ತಿತ್ತು,
ಅಂಗಿಗೆ ಮೂರು ದಿನ ಎಣ್ಣೆಸ್ನಾನದ ವಾಸನೆ.
ಗಾಳಿಯಲ್ಲಿ ಒಬ್ಬೊಬ್ಬನಿಗೆ ಒಂದೊಂದು ನಂಬರು,
ಇಬ್ಬರದು ಒಂದೇ ಆದರೆ ಸರದಿ.
ಮಟ್ಟುವಿನ ಕೊಯ್ದ ಗದ್ದೆಯ ಅಂಚಿಗೆ ಹಲಗೆ,
ಹಲಗೆಗೆ ಬಟ್ಟೆ ಒಣಹಾಕುವ ಮರದ ಕ್ಲಿಪ್ಪು;
ಉಗುರುಬಣ್ಣದಲ್ಲಿ ಹದಿನೇಳು ಎಂದು ಬರೆದದ್ದು
ಬೊನಿಫಾಸ್ ಮಾಮನಿಗೂ ನನಗೂ ಸೇರಿ.
ಕ್ಲಿಪ್ಪು ಯಾರ ಕಾಲರಿನಲ್ಲೋ ಆಕಾಶ ಅವರದು.

ಆ ಭಾನುವಾರ ನಾನು ಹಲಗೆ ನೋಡಲಿಲ್ಲ.
ಸ್ವಿಚ್ಚು ಒತ್ತಿದೆ, ಅಷ್ಟೆ.
ತೆಂಗುಗಳ ಮೇಲೆ ಅವರ ಹಳದಿ ವಿಮಾನ
ಯಾರೋ ಹೆಸರು ಹಿಡಿದು ಕರೆದ ಹಾಗೆ ತಲೆ ತಿರುಗಿಸಿ
ನೆಟ್ಟಗೆ ಇಳಿಯಿತು.
ಎರಡು ಮಳೆಗಾಲ ಕೂತು ಕಟ್ಟಿದ್ದು.
ಅವರು ಬೈಯಲಿಲ್ಲ.
ಚೂರುಗಳನ್ನು ಅಕ್ಕಿಚೀಲಕ್ಕೆ ಆಯ್ದುಕೊಂಡರು,
ಕ್ಲಿಪ್ಪನ್ನು ನನ್ನ ಕಾಲರಿಗೆ ಸಿಕ್ಕಿಸಿ
ಸ್ಕೂಟರು ಹತ್ತಿ ಹೋದರು.
ಅದನ್ನು ಶಿಕ್ಷೆ ಎಂದೇ ಓದಿಕೊಂಡೆ.

ಕಳೆದ ಆಟಿಯಲ್ಲಿ
ಡಾಕ್ಟರರ ಕಡೆಯಿಂದ ಒಂದು ಅಚ್ಚು ಬಂತು.
ಚೀಟಿ ಓದುವ ಮೊದಲೇ ಗುರುತು ಸಿಕ್ಕಿತು:
ಅಂಟಿನ ಟ್ಯೂಬಿನ ಮೂತಿ ಕಚ್ಚಿ ಕಚ್ಚಿ
ಒಂದು ಕೋರೆಹಲ್ಲಿಗೆ ಬಿದ್ದ ಕುಳಿ.
ಸುತ್ತಲಿನ ನಾಲ್ಕು ಹೋಗಿದ್ದವು. ಅದು ಉಳಿದಿತ್ತು.
ನಾಲ್ಕು ಹಲ್ಲಿಗೆ ನಾನು ಒಂಬತ್ತು ದಿನ ತೆಗೆದುಕೊಂಡೆ,
ಮತ್ತೆ ನಾನೇ ಕಟಪಾಡಿಗೆ ಹೋಗಿ ಕೊಟ್ಟು ಬಂದೆ.
ಬರುವಾಗ ಬಸ್ಸಿನಲ್ಲಿ ಮಡಿಲ ತುಂಬ ಬಾಲ್ಸಾ.

ಈಗ ಬೆಳಿಗ್ಗೆ ಏಳು ಗಂಟೆ. ಮಟ್ಟು. ನೆಲಗಾಳಿ.
ಹಲಗೆಯಿಲ್ಲ, ನಂಬರಿಲ್ಲ,
ಸಾವಿರ ಜನ ಒಟ್ಟಿಗೆ ಹಾರಿಸಿದರೂ
ಒಬ್ಬರದು ಒಬ್ಬರಿಗೆ ತಾಗುವುದಿಲ್ಲವಂತೆ,
ಯಾರೂ ಯಾರನ್ನೂ ಕೇಳಬೇಕಾಗಿಲ್ಲ.
ಮೋಟರು ಸೊಳ್ಳೆಯ ಹಾಗೆ ಹಾಡಿ ಎದ್ದಿತು.
ಹೋಗುವಾಗ ಸುಲಭ: ನನ್ನ ಎಡ ಅದರ ಎಡ.
ತಿರುಗಿ ನನ್ನ ಕಡೆಗೆ ಬರತೊಡಗಿತೋ
ಎಡವೆಲ್ಲ ಬಲ, ಬಲವೆಲ್ಲ ಎಡ,
ಹೆಬ್ಬೆರಳು ಮರಗಟ್ಟಿತು.
ಹಿಂದಿನಿಂದ, ಹೊಸ ಹಲ್ಲಿನ ಸಂದಿಯಲ್ಲಿ ಸಣ್ಣ ಸೀಟಿಯೊಂದಿಗೆ:
"ಯಾವ ರೆಕ್ಕೆ ಬಾಗಿತೋ
ಆ ಕಡೆಗೇ ಕೋಲು ತಳ್ಳು ಮಗಾ, ಊರುಗೋಲು ಕೊಟ್ಟ ಹಾಗೆ."

ಕೊಟ್ಟೆ. ನಿಂತಿತು. ಬಂತು.
ಗದ್ದೆ ದಾಟಿ, ಅಂಚು ದಾಟಿ, ಗುಳ್ಳದ ತೋಟಕ್ಕೇ ಬಂತು.
ಜಲಜಕ್ಕ ಸೊಂಟಕ್ಕೆ ಕೈಯಿಟ್ಟು,
"ಮೂರು ಗುಳ್ಳ, ಒಂದು ಗಿಡ. ಬರೆದಿಟ್ಟುಕೊಳ್ಳಿ."

ಜೇಬಿನಿಂದ ಕ್ಲಿಪ್ಪು ತೆಗೆದೆ.
ಸ್ಪ್ರಿಂಗು ತುಕ್ಕು ಹಿಡಿದಿತ್ತು, ಏಳರ ಬಾಲ ಅಳಿಸಿತ್ತು.
ಮಾಮ ಅದನ್ನು ಬೆಳಕಿಗೆ ಹಿಡಿದು ನೋಡಿದರು.
"ನಿನ್ನ ಸರದಿ ಅಂತ ಕೊಟ್ಟದ್ದು ಮಾರಾಯ.
ಹದಿನೆಂಟು ವರ್ಷ ಒಬ್ಬನೇ ಇಟ್ಟುಕೊಳ್ಳುವುದಾ?"
ತಮ್ಮ ಕಾಲರಿಗೆ ಸಿಕ್ಕಿಸಿಕೊಂಡು ಕೈ ಚಾಚಿದರು,
ಗಾಳಿ ಕಡಲ ಕಡೆಗೆ ತಿರುಗುವ ಮೊದಲು ಒಂದೇ ಸುತ್ತು ಎಂದು.

"ತಾಳಿ" ಎಂದೆ.
ರೆಕ್ಕೆಯಿಂದ ಗುಳ್ಳದ ಮುಳ್ಳು ಕೀಳುತ್ತಿದ್ದೆ.