ಗಾಜಿನ ಬೆನ್ನು

ಸೆನೆಗಲ್ ನದಿ ಕಡಲು ಸೇರುವ ಮೊದಲು
ಊರನ್ನೊಮ್ಮೆ ಸುತ್ತಿ ನೋಡುತ್ತದಲ್ಲ, ಅಲ್ಲಿ,
ಸ್ಯಾನ್ ಲೂಯಿಯ ಹಳೇ ಸೇತುವೆ ದಾಟಿದರೆ
ಮಗತ್‌ನ ಕೊಟ್ಟಿಗೆ. ಒಳಗೆಲ್ಲ ಒಡೆದ ಕಿಟಕಿಗಳ ರಾಶಿ.
ಪ್ರತಿ ಮಂಗಳವಾರ ಮೀನನ್ನು ಹೊಗೆಗಿಟ್ಟು
ಕೈ ಮೂರು ಸಲ ತೊಳೆದು ಹೋಗುತ್ತೇನೆ,
ಚಿತ್ರ ಕಲಿಯಲು.
ಆದರೂ ನಾನು ಕೂತ ಮೂಲೆಗೇ ಬೆಕ್ಕು ಬರುತ್ತದೆ.

ನಲವತ್ತೇಳು ನನಗೆ. ಪಕ್ಕದ ಹುಡುಗರಿಗೆ ಹದಿನಾರು.
ಅವರ ಗೆರೆ, ದೋಣಿಯಿಂದ ಎಸೆದ ಹಗ್ಗದ ಹಾಗೆ
ಬೀಳಬೇಕಾದಲ್ಲೇ ಬೀಳುತ್ತದೆ.
ನನ್ನದು ಹೊರಟ ಎರಡು ಹೆಜ್ಜೆಗೆ ನಿಂತು
ಯಾರಾದರೂ ಕಂಡರೇ ಎಂದು ತಿರುಗಿ ನೋಡುತ್ತದೆ.

ಗಾಜಿನ ಚಿತ್ರ ಬರೆಯುವುದು ಗಾಜಿನ ಬೆನ್ನಿಗೆ.
ಮೊದಲು ಬರೆದದ್ದೇ ಮುಂದೆ ನಿಲ್ಲುತ್ತದೆ.
ಕಣ್ಣೊಳಗಿನ ಕಪ್ಪು ಮೊದಲು, ಆಮೇಲೆ ಕಣ್ಣು,
ಆಮೇಲೆ ಮುಖ, ಗೋಡೆ, ಕಟ್ಟಕಡೆಗೆ ಆಕಾಶ.
ತಪ್ಪಾಯಿತು, ಮೇಲೊಂದಿಷ್ಟು ಬಣ್ಣ ಬಳಿಯೋಣವೆಂದರೆ
ಬಳಿದದ್ದು ಹಿಂದಕ್ಕೆ ಹೋಗುತ್ತದೆ,
ತಪ್ಪು ಮುಂದೆಯೇ ಕೂತು ಹಲ್ಲು ಕಿರಿಯುತ್ತದೆ.

"ಎಲ್ಲಕ್ಕಿಂತ ಮೊದಲು ಹೆಸರು," ಅಂದ ಮಗತ್.
ಖಾಲಿ ಗಾಜಿಗೆ ಹೆಸರೇ?
ಕೂಸು ಹುಟ್ಟುವ ಮುಂಚೆ ಕುಲಾವಿಯೇ?
ತಲೆಯಾಡಿಸಿದೆ, ಬರೆಯಲಿಲ್ಲ.

ಟಗರು ಬರೆದೆ.
ಹಬ್ಬಕ್ಕೆಂದು ತಮ್ಮ ಮಾಳಿಗೆಯ ಮೇಲೆ ಕಟ್ಟಿದ್ದ ಬಿಳಿ ಟಗರು.
ಚೆನ್ನಾಗಿ ಬಂದರೆ ಹೆಸರು, ಇಲ್ಲದಿದ್ದರೆ ಇಲ್ಲ, ಅಂದುಕೊಂಡು
ಆಕಾಶ ಒಣಗಿದ ಮೇಲೆ ಮೂಲೆಯಲ್ಲಿ ಸದ್ದಿಲ್ಲದೆ ಬರೆದೆ.
ತಿರುಗಿಸಿದರೆ ಹೆಸರೇ ಇಲ್ಲ.
ನೀಲಿಯ ಹಿಂದೆ ನಿಂತಿದೆ,
ಬಾಗಿಲ ಹಿಂದೆ ನಿಂತ ಹೊಸ ಸೊಸೆಯ ಹಾಗೆ.

"ನಾಯಿ ಚೆನ್ನಾಗಿದೆ," ಅಂದಳು ಪಕ್ಕದ ಮನೆಯ ಯಾಂಡೆ.
"ಹೌದು, ನಾಯಿ," ಅಂದೆ.

ಮೂರು ಚಿತ್ರ ಹೀಗೇ. ಮೂರು ನಾಯಿ.
ಮೂರರ ಬೆನ್ನಿಗೂ ನಾನು.

ಮಗತ್ ಬೈಯಲಿಲ್ಲ. ಲೋಟದಿಂದ ಲೋಟಕ್ಕೆ
ಚಹಾ ಎತ್ತಿ ಹೊಯ್ಯುತ್ತ, ನೊರೆ ಏರಿಸುತ್ತ,
ಕಾಲಿನಿಂದಲೇ ಒಂದು ಪೆಟ್ಟಿಗೆ ನನ್ನ ಕಡೆ ತಳ್ಳಿದ.
ಅದರಲ್ಲಿ ಅವನು ಬರೆದ ಮೊಟ್ಟಮೊದಲ ಗಾಜು:
ಕುದುರೆ, ಸವಾರ. ಕುದುರೆಗೆ ಐದು ಕಾಲು.
ಎಡ ಮೂಲೆಯಲ್ಲಿ ಹೆಸರು,
ಇರುವೆಗಿಂತ ದೊಡ್ಡದಲ್ಲ, ಆದರೆ ಎಲ್ಲಕ್ಕಿಂತ ಮುಂದೆ.
"ಐದನೆಯದು ಯಾಕೆ?"
"ನಾಲ್ಕರ ಮೇಲೆ ನಂಬಿಕೆ ಇರಲಿಲ್ಲ."

ಆ ರಾತ್ರಿ ಖಾಲಿ ಗಾಜಿಗೆ ಹೆಸರು ಬರೆದೆ, ತಿರುಗುಮುರುಗಾಗಿ.
ರಾತ್ರಿ ಶಾಲೆಯಲ್ಲಿ ಮೊನ್ನೆ ಮೊನ್ನೆ ಕಲಿತ ಅಕ್ಷರ.
ನೆಟ್ಟಗೆ ಬರೆಯುವಷ್ಟೇ ಕಷ್ಟ ಉಲ್ಟಾ ಬರೆಯುವುದೂ,
ಅದೊಂದು ಸಮಾಧಾನ.
'ಪಿ'ಯ ಹೊಟ್ಟೆ ಎಡಕ್ಕೆ ಬಂತು, 'ಎನ್' ಜಾರಿತು,
ಕೊನೆಯ 'ಎ' ಮಾತ್ರ ಎತ್ತ ತಿರುಗಿಸಿದರೂ
ಕಾಲಗಲಿಸಿ ನಿಂತೇ ಇತ್ತು.

ನಾಲ್ಕು ದಿನ ಅದನ್ನು ಕಿಟಕಿಯಲ್ಲಿಟ್ಟೆ,
ಬರೆದ ಬದಿ ಹೊರಗೆ, ಓದುವ ಬದಿ ನನಗೆ.
ಪೆಂದಾ. ಹಿಂದೆ ಏನೂ ಇಲ್ಲ.
ಅಲ್ಲ, ಇತ್ತು. ಮೀನಿನ ತಟ್ಟಿ, ಹೊಗೆ,
ಬಲೆ ಹೊತ್ತು ಹೋಗುವ ಗಂಡಸರು,
ಕಡಲು ಅರ್ಧ ತಿಂದು ಬಿಟ್ಟ ಮನೆಯ ಗೋಡೆ,
ಎಲ್ಲ ನನ್ನ ಹೆಸರಿನ ಹಿಂದೆ ಹಾದು ಹೋದವು.
ಯಾರೂ ಅಪ್ಪಣೆ ಕೇಳಲಿಲ್ಲ.
ಯಾರೂ ನಗಲೂ ಇಲ್ಲ.

ಐದನೆಯ ದಿನ ಟಗರಿಗೆ ಕಣ್ಣಿಟ್ಟೆ.
ಕೈ ನಡುಗಿತು.
ನಡುಗಿದ ಗೆರೆಯಿಂದಲೇ ಉಣ್ಣೆ ಬಂತು,
ಹುಡುಗರ ನೇರ ಗೆರೆಗೆ ಬಾರದ ಉಣ್ಣೆ.
ಮುಂದಿನ ಬಲಗಾಲು ಗಿಡ್ಡವಾಯಿತು. ಇರಲಿ.
ನಾಲ್ಕೇ ಕಾಲು, ಎಣಿಸಿದ್ದೇನೆ.

ಯಾಂಡೆ ಬಂದಳು, ತಲೆ ವಾಲಿಸಿ ನೋಡಿದಳು.
"ಈ ನಾಯಿ..."
"ಟಗರು," ಅಂದೆ.

ಒಲೆಯ ಮೇಲಿನ ಮೀನು ಮಗುಚುವುದಿತ್ತು, ಮಗುಚಿದೆ.
ತಿರುಗಿದರೆ ಅವಳಿನ್ನೂ ಅಲ್ಲೇ,
ಗಾಜಿಗೆ ಮೂಗು ತಾಗಿಸಿಕೊಂಡು.
"ಹೌದೇ," ಅಂದಳು, "ಕೊಂಬಿದೆ."