ಇಳಿದು ಬಂದ ಮೇಲೆ

ಕೂತ್ಕೋ. ಹೆಲ್ಮೆಟ್ಟು ಅಲ್ಲಿಡು, ಬೆಕ್ಕನ್ನು ಎಬ್ಬಿಸಬೇಡ.
ಪೆಟ್ರೋಲು ಸಿಗುವುದು ಇಲ್ಲೇ ಕೊನೆ, ಅಲ್ವಾನಿಯಲ್ಲಿ.
ಕಣಿವೆ ದಾಟಿ ಮೇಲೆ ಹೋದರೆ ಓಮಾಲೋ;
ಅಲ್ಲಿ ಇರುವುದು ಗಾಳಿ, ಗಿಣ್ಣು, ಕಲ್ಲಿನ ಗೋಪುರ.
ಟ್ಯಾಂಕು ತುಂಬಿದೆ ಅನ್ನಬೇಡ. ಅಲುಗಿಸಿ, ಕಿವಿಗೊಟ್ಟು ಕೇಳು.

ಯಾವೂರು? ಕ್ರೈಸ್ಟ್‌ಚರ್ಚಾ?
ಹಾಗಾದರೆ ನೀನು ಎಡಗಡೆಯವಳು.
ನಮ್ಮದು ಬಲ. ಸಂದಣಿಯಲ್ಲಿ ಅದು ಮರೆಯುವುದಿಲ್ಲ,
ಎದುರಿನ ಲಾರಿಯೇ ಪಾಠ ಹೇಳುತ್ತದೆ.
ಮರೆಯುವುದು ಬೆಳಗಿನ ಏಳಕ್ಕೆ,
ಕಾಫಿ ಕುಡಿದು, ಗೇಟು ದಾಟಿ,
ರಸ್ತೆಯಲ್ಲಿ ನರಪಿಳ್ಳೆ ಇಲ್ಲದಾಗ.
ಆಗ ಹುಟ್ಟೂರಿನ ಕೈ ಮೆಲ್ಲಗೆ ಎದ್ದು
ಹ್ಯಾಂಡಲನ್ನು ತನ್ನತ್ತ ಎಳೆಯುತ್ತದೆ.
ಅದಕ್ಕೇ ನಿನ್ನ ಬಲಗನ್ನಡಿಗೆ ಕೆಂಪು ದಾರ ಕಟ್ಟಿದ್ದೇನೆ.
ರಸ್ತೆಯಂಚು ದಾರದ ಕಡೆಗಿರಬೇಕು. ಬಿಚ್ಚಬೇಡ.

ಇಲ್ಲಿನ ಕಾರುಗಳಲ್ಲಿ ಎಷ್ಟೋ ಜಪಾನಿನಿಂದ ಬಂದವು,
ಸ್ಟೇರಿಂಗೂ ಬಲಕ್ಕೇ.
ಮುಂದಿನ ಗಾಡಿ ಹಿಂದಿಕ್ಕುವವನಿಗೆ
ಕಾಣುವುದು ಅದರ ಬೆನ್ನು ಮಾತ್ರ.
ಪಕ್ಕದ ಹೆಂಡತಿ 'ಹೋಗು' ಅಂದರೆ ಹೋಗುತ್ತಾನೆ.
ಅವಳು ಮುನಿಸಿಕೊಂಡ ದಿನ ನೀನು ಎದುರಿಗಿರಬೇಡ.
ಹಗಲಲ್ಲೂ ದೀಪ ಉರಿಯಲಿ.

ಲೈಸೆನ್ಸು, ಪರ್ಮಿಟ್ಟು, ವಿಮೆ: ಅಸಲು ಎದೆಯ ಹತ್ತಿರ, ನಕಲು ಬೂಟಿನೊಳಗೆ.
ಬೈಕು ಕೊಟ್ಟವನಲ್ಲಿ ಪಾಸ್‌ಪೋರ್ಟು ಅಡ ಇಟ್ಟಿಲ್ಲ ತಾನೇ?

ಕುರಿಮಂದೆ ಬಂದರೆ ಎಂಜಿನ್ನು ಆರಿಸು.
ನಾಯಿ ಬರುತ್ತದೆ, ಕರಡಿಮರಿಯಷ್ಟು,
ತೋಳದ ಬಾಯಿಗೆ ಸಿಗದಿರಲೆಂದು ಕಿವಿ ಕೊಯ್ದದ್ದು.
ಓಡಿದರೆ ನೀನೇ ತೋಳ. ನಿಂತರೆ ಬರೀ ಕಲ್ಲು.
ಕುರುಬ ಶಿಳ್ಳೆ ಹಾಕುವವರೆಗೆ ಕಲ್ಲಾಗಿರು.

ತೊರೆಗಳನ್ನು ಬೆಳಿಗ್ಗೆ ದಾಟು;
ಬಿಸಿಲೇರಿ ಹಿಮ ಕರಗಿತೋ, ಮೊಣಕಾಲಿನ ನೀರು ತೊಡೆಗೆ ಬರುತ್ತದೆ.
ಮೊದಲು ನಡೆದು ನೋಡು.
ಒದ್ದೆ ಬೂಟಿಗೆ ನನ್ನಲ್ಲಿ ಒಲೆಯಿದೆ, ಒದ್ದೆ ಎಂಜಿನ್ನಿಗಿಲ್ಲ.

ಇಕ್ಕಟ್ಟಿನಲ್ಲಿ ಏರುವವರಿಗೆ ದಾರಿ, ಇಳಿಯುವವರು ನಿಲ್ಲಬೇಕು.
ಕಾನೂನು. ಲಾರಿಯ ಬಾದ್ರಿಗೆ ಅದು ಗೊತ್ತೆಂದು ಯಾರು ಹೇಳಿದರು?
ನೀನೇ ನಿಲ್ಲು. ಬೆಟ್ಟದ ಮಗ್ಗುಲಿಗೆ ಒರಗಿ ನಿಲ್ಲು.

ತಿರುವಿನಲ್ಲಿ ಕಲ್ಲಿಗೆ ಕೆತ್ತಿದ ಮುಖಗಳಿವೆ,
ಒಂದು ಬೆಂಚು, ಒಂದು ಬಾಟಲಿ, ಬೋರಲು ಹಾಕಿದ ಲೋಟ.
ಸತ್ತವರ ಹೆಸರಲ್ಲಿ ಒಂದೇ ಒಂದು, ಅನ್ನುತ್ತಾರೆ ಅಲ್ಲಿ ಕೂತವರು.
ನೆಲಕ್ಕೆ ಸುರಿದು, ತಲೆಬಾಗಿ, ಹೊರಡು.
ಕಲ್ಲಿನಲ್ಲಿರುವವರೂ ಒಂದೇ ಒಂದು ಅಂದವರೇ.

ಈಗ ಈ ಪುಸ್ತಕದಲ್ಲಿ ಹೆಸರು ಬರಿ.
ಪೊಲೀಸರದಲ್ಲ, ಈ ತ್ಸಿಯೂರಿಯದು.
ಇಳಿದು ಬಂದವರು ತಮ್ಮ ಹೆಸರಿನ ಮೇಲೆ ತಾವೇ ಗೆರೆ ಎಳೆಯಬೇಕು.
ಇಲ್ನೋಡು, ವೊಯ್ತೇಖ್, ಜೆಕ್ ದೇಶದವನು. ಗೆರೆಯಿಲ್ಲ.
ಹೋಗಲು ದಾರಿ ಒಂದೇ, ಬರಲೂ ಅದೇ.
ಮೂರು ದಿನ ಕಾದೆ. ನಾಲ್ಕನೆಯ ದಿನ
ನನ್ನ ತಮ್ಮ ನುಗ್ಜಾರ್ ಜೀಪು ಒಯ್ದು
ಪ್ರತಿ ತಿರುವಿನಲ್ಲೂ ಇಳಿದು ಕಣಿವೆಗೆ ಕೂಗಿದ.
ಸಂಜೆಯ ಹೊತ್ತಿಗೆ ಕಣಿವೆ ಆ ಹೆಸರನ್ನು
ಅವನಿಗಿಂತ ಚೆನ್ನಾಗಿ ಹೇಳುತ್ತಿತ್ತಂತೆ.
ಹಿಮ ಬಿತ್ತು, ದಾರಿ ಮುಚ್ಚಿತು.
ಇಗರ್ಜಿಯಲ್ಲಿ ಎರಡೆರಡು ಮೇಣದಬತ್ತಿ ಹಚ್ಚಿದೆ,
ಇದ್ದವರ ಕಡೆಗೊಂದು, ಇಲ್ಲದವರ ಕಡೆಗೊಂದು.

ಏಪ್ರಿಲಿನಲ್ಲಿ ಕಾರ್ಡು ಬಂತು. ಮಗಳು ಹುಟ್ಟಿದ್ದಾಳೆ,
ನಿಮ್ಮ ಗಿಣ್ಣಿನ ರುಚಿ ಇನ್ನೂ ನಾಲಗೆಯಲ್ಲಿದೆ,
ನಡುರಾತ್ರಿ ಇಳಿದು ಬಂದೆ, ದೀಪ ಆರಿತ್ತು,
ಎಬ್ಬಿಸಬಾರದೆಂದು—
ಎಬ್ಬಿಸಬಾರದೆಂದು!

ಗೆರೆ ನಾನೇ ಎಳೆಯಬಹುದಿತ್ತು. ಎಳೆದಿಲ್ಲ.
ಮಗಳನ್ನು ಕರಕೊಂಡು ಬರಲಿ ಅವನು.

ನೀನು ಎಷ್ಟು ಹೊತ್ತಿಗೆ ಬಂದರೂ ಬಾಗಿಲು ಬಡಿ.
ಬೈಯುತ್ತೇನೆ, ಬೈಸಿಕೋ.
ಪೆನ್ನು ದಾರ ಕಟ್ಟಿ ಮೊಳೆಗೆ ತೂಗುಹಾಕಿದೆ.
ಟೈರಿನ ಗಾಳಿ ಕೊಂಚ ಇಳಿಸಿಕೋ, ಮುಂದೆಲ್ಲ ಜಲ್ಲಿ.
ಹ್ಞಾಂ, ಅಷ್ಟೇ ಸಾಕು.
ಗೇಟು ತೆಗೆದಿದ್ದೇನೆ, ನಿಧಾನ—

ಅಯ್ಯೋ ಹುಡುಗಿ, ದಾರ ನೋಡು, ದಾರ! ಬಲಕ್ಕೆ!