ಜೋಶಿಯವರ ಹುಟ್ಟುಹಬ್ಬ

ಶನಿವಾರ, ಜನವರಿ ಐದು, ತೊಂಬತ್ತೊಂದನೇ ಇಸವಿ.
ಕಾರವಾರದ ಬೈತಖೋಲ, ಮೀನುಗಾರರ ಒಕ್ಕೂಟದ ಕಚೇರಿ.
ಬಂಗಡೆಯ ಲೆಕ್ಕ ತೆಗೆಯೋಣವೆಂದು ಗುಂಡಿ ಒತ್ತಿದರೆ
ಹಸಿರು ಅಕ್ಷರದಲ್ಲಿ ಯಂತ್ರ ಹಟ ಹಿಡಿದು ಕೂತಿತು:
'ಹ್ಯಾಪಿ ಬರ್ತ್‌ಡೇ ಜೋಶಿ' ಅಂತ ಟೈಪು ಮಾಡು.

ನಾವು ಆರು ಜನ. ಅದರಲ್ಲಿ ಜೋಶಿ ಒಬ್ಬರೇ,
ಖಾತೆ ಪುಸ್ತಕಗಳ ಮೂಲೆಯಲ್ಲಿ ನಶ್ಯದ ಡಬ್ಬಿಯ ಜೊತೆ,
ಕಂಪ್ಯೂಟರನ್ನು ಒಮ್ಮೆಯೂ ಮುಟ್ಟದವರು.
'ನಂದಲ್ಲ ಮಾರಾಯ್ರೇ,' ಅಂದರು ಕೈ ಮುಗಿದು,
'ನಂದು ಜೂನ್ ಒಂದು. ಅದೂ ನಂದಲ್ಲ,
ಶಾಲೆಗೆ ಹಾಕುವಾಗ ಮಾಸ್ತರರು ಬರಕೊಂಡದ್ದು.'

ರೇವಣಕರ ಸಾಹೇಬರು ಮೂರು ಕೀಲಿ ಒಟ್ಟಿಗೆ ಒತ್ತಿದರು.
ಸತ್ತ ಹಾಗೆ ಮಾಡಿ ಎದ್ದು ಬಂತು, ಅದೇ ಹಟ.
ಹುಬ್ಬಳ್ಳಿಯಿಂದ ಫೋನಿನಲ್ಲಿ ಯಾರೋ ಅಂದರು, ವೈರಸ್ಸು.
ಆ ಶಬ್ದವೊಂದೇ ಸಾಕಾಯಿತು. ಚಪ್ಪಲಿಗಳೆಲ್ಲ ಹೊರಗೆ.
ಬುದವಂತ ಫಿನಾಯಿಲು ಸುರಿದು ಮೂರು ಸಲ ನೆಲ ಒರೆಸಿದ.
ನೆಗಡಿಯಾಗಿದ್ದ ಟೈಪಿಸ್ಟ್ ಸುಲಭಾಗೆ ಎರಡು ದಿನ ರಜೆ.

ಕಿಟಕಿಯಾಚೆ ಬಂದರಿನಲ್ಲಿ ಹಡಗೊಂದು ನಿಂತಿತ್ತು
ಹಳದಿ ಬಾವುಟ ಏರಿಸಿ, ಯಾರನ್ನೂ ಇಳಿಸದೆ,
ರೋಗವಿಲ್ಲವೆಂದು ಡಾಕ್ಟರು ಬರೆದುಕೊಡುವ ತನಕ.
ಅದನ್ನೇ ನೋಡುತ್ತ ನಾನು
ನನ್ನ ಬ್ಯಾಗಿನ ಜಿಪ್ಪು ಎಳೆದುಕೊಂಡೆ.

ಒಳಗಿತ್ತು ಅದು. ಐದೂಕಾಲು ಇಂಚಿನ ಕರಿ ಚೌಕ,
ಹಪ್ಪಳದಷ್ಟು ತೆಳು.
ಹುಬ್ಬಳ್ಳಿಯ ತರಬೇತಿಯಲ್ಲಿ ಪಕ್ಕದ ಕುರ್ಚಿಯವ,
ಗದಗಿನ ಹುಡುಗ, ಹೆಸರು ಬೇಡ,
'ಚಲೋ ಆಟ ಐತ್ರಿ, ಒಯ್ರಿ' ಅಂತ ಕೊಟ್ಟದ್ದು.
ಇಟ್ಟಿಗೆ ಒಡೆಯುವ ಆಟ. ಬೇರೆ ಏನೋ ಕೊಡಬೇಕಿತ್ತು ಅವನು,
ಅಥವಾ ನನಗೇ ಹಾಗನಿಸಿತ್ತು.

ಅದು ಕೂತದ್ದು ಹೊಸ್ತಿಲಲ್ಲಿ,
ಯಂತ್ರ ಕಣ್ಣು ಬಿಟ್ಟೊಡನೆ ಮೊದಲು ನೋಡುವ ಜಾಗದಲ್ಲಿ,
ಆಟಕ್ಕೂ ಮುಂಚೆ, ಲೆಕ್ಕಕ್ಕೂ ಮುಂಚೆ.
ಸಂಜೆ ಫ್ಲಾಪಿ ತೆಗೆಯಲು ಮರೆತು ಮನೆಗೆ ಹೋಗುವ ಒಬ್ಬಳು ಸಾಕು.
ಬೆಳಿಗ್ಗೆ ಗುಂಡಿ ಒತ್ತುವ ಒಬ್ಬ.
ಆಮೇಲೆ ಆ ಬಾಯಿಗೆ ಹೋಗಿ ಬಂದದ್ದೆಲ್ಲ ಎಂಜಲು.

ತಿಂಗಳ ಕೊನೆಗೆ ಶಾಖೆಗಳ ಲೆಕ್ಕ ಒಯ್ಯುವವಳು ನಾನೇ.
ಅಂಕೋಲೆಯಲ್ಲಿ ಒಂದು ಕೊಟ್ಟು ಒಂದು ತಂದೆ.
ಕುಮಟೆಯಲ್ಲಿ ಮ್ಯಾನೇಜರರ ಮಗಳಿಗೆ ಆಟದ ಇನ್ನೊಂದು ಪ್ರತಿ.
ಹೊನ್ನಾವರದ ಸೇತುವೆಯ ಮೇಲೆ ಬಸ್ಸು ತೆವಳುವಾಗ
ಊಟದ ಡಬ್ಬಿಯ ಮೇಲಿಟ್ಟು, ಬಿಸಿಲು ತಾಗದಂತೆ
ಸೆರಗು ಹೊದೆಸಿ ಹಿಡಿದಿದ್ದೆ ಫ್ಲಾಪಿಗಳನ್ನು, ಕೂಸಿನ ಹಾಗೆ.
ಸೀನಲಿಲ್ಲ, ಕೆಮ್ಮಲಿಲ್ಲ.
ಕಾಳಜಿಯಿಂದಲೇ ಹಬ್ಬಿಸಿದೆ.

ಮಧ್ಯಾಹ್ನ ಮೂರಕ್ಕೆ ಮಂಜುಗಡ್ಡೆಯ ಬಿಲ್ಲಿಗೆ
ದೋಣಿಯವರು ಬಂದು ಸಾಲು ಹಿಡಿದು ಕೂತಾಗ
ಸಾಹೇಬರು ಸೋತರು: ಅದೇನು ಕೇಳ್ತದೋ ಹೊಡೆದುಬಿಡಿ.
ಯಾರು ಹೊಡೆಯುವುದು? ಜೋಶಿಯವರನ್ನೇ ಕೂರಿಸಿದೆವು.
ಒಂದೇ ಬೆರಳಿನಲ್ಲಿ, ಕೋಳಿ ಕಾಳು ಹೆಕ್ಕಿದ ಹಾಗೆ,
ಅಕ್ಷರಕ್ಕೊಂದು ಉಸಿರು ಬಿಟ್ಟು
ಐವತ್ತಾರು ದಾಟಿದ ಮನುಷ್ಯ
ತನಗೆ ತಾನೇ ಶುಭ ಕೋರಿಕೊಂಡರು.
ಯಂತ್ರ ಬಿಟ್ಟುಕೊಟ್ಟಿತು. ಒಂದು ಅಂಕಿಯೂ ಅಳಿಸಿರಲಿಲ್ಲ.
ದೋಣಿಯವರು ಚಪ್ಪಾಳೆ ತಟ್ಟಿದರು, ಯಾಕೆಂದು ತಿಳಿಯದೆ.

ಮುಂದಿನ ವಾರ ಹುಬ್ಬಳ್ಳಿಯವ ಬಂದ,
ಅಂಚಿನ ಕಚ್ಚಿಗೆ ಬೆಳ್ಳಿ ಚೀಟಿ ಅಂಟಿಸಿದ ಮಡಿ ಫ್ಲಾಪಿ ತಂದ,
ಎಲ್ಲ ತೊಳೆದ. ಎಲ್ಲಿಂದ ಬಂತು ಇದು, ಅಂತ ಕೇಳಿದ.
ಕಿಟಕಿಯಾಚೆ ನೋಡಿದೆ. ಹಡಗು ಹೋಗಿಯಾಗಿತ್ತು.

ಮರುವರ್ಷ ಐದನೇ ತಾರೀಕು ರವಿವಾರ ಬಿತ್ತು.
ಸೋಮವಾರ ಜೋಶಿಯವರು ಪೇಡೆ ತಂದಿದ್ದರು, ಮೇಜಿಗೊಂದು.
ಏನು ವಿಶೇಷ ಅಂತ ಯಾರೂ ಕೇಳಲಿಲ್ಲ.
ಯಂತ್ರದ ತಲೆಯ ಮೇಲೂ ಒಂದಿಟ್ಟರು.
ಸಂಜೆಯೊಳಗೆ ಇರುವೆ ಬಂದವು,
ಸಾಲಾಗಿ, ಎ ಡ್ರೈವಿನ ಸೀಳಿನವರೆಗೂ.